ಕೃಷಿಹೊಂಡದಲ್ಲಿ ನೊಣದ ಗಾಳ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಮೀನು ಹಿಡಿಯುವ ವಿಷಯಕ್ಕೆ ವಾಚನಾಲಯದಲ್ಲಿ ಭಾಷಣವೇಕೆಂದು ಕೆಲವರು ಕೇಳಿದರು. ನಮಗೆ ವಾರಕ್ಕೊಂದೇ ರಜೆ. ಆ ದಿನ ಇಲ್ಲಿ ನಾಸಿಕದ ಸಾತಪುರ, ಅಂಬಡಗಳಿಂದಲೂ ಅತ್ತ ಛತ್ರಪತಿ ಸಂಭಾಜಿನಗರದ ವಾಳೂಜಿನಿಂದಲೂ ನಮ್ಮವರು ಅನೇಕರು ಗಾಳ ಹಿಡಿದು ಹೊರಡುತ್ತಾರೆ. ಅವರಿಗಾಗಿ ಈ ನಾಲ್ಕು ಮಾತು. ಮೀನು ತಿನ್ನದವರು ಮನ್ನಿಸಬೇಕು; ಕಡೆಯ ಸಂಗತಿ ಮಕ್ಕಳಿರುವ ಮನೆಯವರೆಲ್ಲರದು.

ಹೋಗುವುದೆಲ್ಲಿಗೆ? ನಿಫಾಡದ ಹತ್ತಿರದ ನಾಂದೂರ ಮಧ್ಯಮೇಶ್ವರ, ಪೈಠಣದ ಜಾಯಕವಾಡಿ ಎರಡೂ ಪಕ್ಷಿಧಾಮಗಳು. ಬೇರೆ ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆಯಾಗಿರುತ್ತದೆ. ಅವರ ಅನ್ನಕ್ಕೆ ನಾವು ಕೈಹಾಕುವುದು ಸರಿಯಲ್ಲ. ಉಳಿದುದು ರೈತರ ಶೇತತಳೆ, ನಮ್ಮ ಕಡೆಯ ಕೃಷಿಹೊಂಡ. 2016ರಲ್ಲಿ ಮಹಾರಾಷ್ಟ್ರ ಸರಕಾರ ಕೇಳಿದವರಿಗೆ ಶೇತತಳೆ ಎಂಬ ಯೋಜನೆ ತಂದ ಮೇಲೆ ಇವು ಬಹಳ ಹೆಚ್ಚಿದವು. ದಿಂಡೋರಿ, ನಿಫಾಡಗಳಲ್ಲಿ ದ್ರಾಕ್ಷಿಗಾಗಿ, ಪೈಠಣದ ಕಡೆ ಮೋಸಂಬಿಗಾಗಿ ರೈತರು ಇವುಗಳಲ್ಲಿ ನೀರು ಕೂಡಿಡುತ್ತಾರೆ. ಕೆಲವರು ಕಾಟ್ಲಾ, ರೋಹು ಮರಿಗಳನ್ನೂ ಬಿಡುತ್ತಾರೆ. ಬಿಡದಿದ್ದರೂ ತಿಲಾಪಿಯ ಹೇಗೋ ಬಂದು ಸೇರಿರುತ್ತದೆ.

ಮೊದಲು ಮಾಲೀಕರ ಅಪ್ಪಣೆ. “ದಾದಾ, ತುಮಚ್ಯಾ ಶೇತತಳ್ಯಾತ ಗಳ ಟಾಕೂ ಕಾ?” ಎಂದರೆ ಸಾಕು. ಗಳವೆಂದರೂ ಗಾಳವೆಂದರೂ ಒಂದೇ. ಹೊಸದಾಗಿ ಬಂದವನಿಗೂ ಈ ಮರಾಠಿ ಬಂದೀತು. ಆದರೆ ರೈತ ಅನುಮಾನಿಸುತ್ತಾನೆ, ಅದಕ್ಕೆ ಕಾರಣವಿದೆ. ಹೊಂಡದ ಒಳಮೈಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾನೆ. ಸೀಸದ ಗುಂಡು ಕಟ್ಟಿದ ಗಾಳ ತಳಕ್ಕಿಳಿದು ಹಾಳೆಗೆ ಸಿಕ್ಕಿತೆನ್ನಿ, ಎಳೆದಾಗ ಹರಿಯುತ್ತದೆ. ಬೇಸಗೆಗೆಂದು ಇಟ್ಟ ನೀರು ಇಂಗಿಹೋಗುತ್ತದೆ. ನಮ್ಮ ಒಂದು ಹೊತ್ತಿನ ಸಾರಿಗೆ ಅವನ ವರ್ಷದ ಬೆಳೆ ಬೆಲೆಯಾಗಬಾರದು.

ಆದುದರಿಂದಲೇ ನಾನು ನೊಣದ ಗಾಳದ ಪಕ್ಷ. ಇದರಲ್ಲಿ ಸೀಸವಿಲ್ಲ, ಎರೆಹುಳುವೂ ಇಲ್ಲ. ಸಣ್ಣ ಗಾಳಕ್ಕೆ ಕೋಳಿಗರಿಯನ್ನೂ ದಾರವನ್ನೂ ಸುತ್ತಿ ನೊಣದ ವೇಷ ಕಟ್ಟುತ್ತಾರೆ. ಇಷ್ಟು ಹಗುರವಾದುದು ಎಸೆದರೆ ದೂರ ಹೋಗದಷ್ಟೆ. ಅದಕ್ಕೆ ದಾರವನ್ನೇ ದಪ್ಪಗೆ ತೂಕವಾಗಿ ಮಾಡಿ, ತುದಿಗೆ ಮಾತ್ರ ಕಣ್ಣಿಗೆ ಬೀಳದಂಥ ತೆಳು ನೈಲಾನ್ ಕಟ್ಟಿರುತ್ತಾರೆ. ಕೋಲನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿದರೆ ದಾರದ ತೂಕವೇ ನೊಣವನ್ನು ಒಯ್ದು ನೀರ ಮೇಲೆ ಇಳಿಸುತ್ತದೆ. ಬಾರುಕೋಲು ಬೀಸಿದ ಒಕ್ಕಲು ಮಕ್ಕಳಿಗೆ ಬೇಗ ಕೈಹತ್ತುತ್ತದೆ. ಬೆನ್ನ ಹಿಂದೆ ದ್ರಾಕ್ಷಿಯ ತಂತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಿ. ಹಾಳೆಗೂ ಕ್ಷೇಮ, ನಮ್ಮ ಕಿವಿಗೂ ಕ್ಷೇಮ.

ಇದು ದೊರೆಗಳ ಆಟವೆಂದು ನಗುವವರಿದ್ದಾರೆ. ದೊರೆಗಳದೇ ನಿಜ. ಆದರೆ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸರು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದುದು ನಮ್ಮ ಮಂಗಳೂರಿನಲ್ಲಿ. 1887ರಲ್ಲಿ ಅವರು ಕೆರೆಗಳಲ್ಲಿ ಗಾಳ ಹಾಕುವುದನ್ನೇ ಕುರಿತು ಇನ್ನೊಂದು ಪುಸ್ತಕ ತಂದರು.

ಈಗ ಮಾಘ ಮುಗಿಯುತ್ತ ಬಂದಿದೆ. ನಿಫಾಡದ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ನಸುಕಿನಲ್ಲೆದ್ದು ಓಡುವ ಅವಶ್ಯಕತೆ ಏನೂ ಇಲ್ಲ. ನೀರು ತಣ್ಣಗಿರುವವರೆಗೆ ಮೀನು ಮಂಕಾಗಿ ಕೆಳಗಿರುತ್ತದೆ. ಬಿಸಿಲು ಬಲಿತು ಮೇಲ್ನೀರು ಬೆಚ್ಚಗಾದಾಗ ಮೇಲೆ ಬರುತ್ತದೆ. ಗಾಳಿ ಯಾವ ದಡಕ್ಕೆ ಬಡಿಯುತ್ತಿದೆಯೋ ಆ ದಡದ ನೀರು ನೋಡಿ. ತೇಲುವ ಹುಳುಗಳು ಅಲ್ಲಿ ಕೂಡುತ್ತವೆ. ನೊಣಕ್ಕೆ ಬರುವುದು ಹೆಚ್ಚಾಗಿ ತಿಲಾಪಿಯ. ಕಾಟ್ಲಾ ಮೇಲ್ನೀರಿನ ಮೀನಾದರೂ ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವಂಥದು, ನಮ್ಮ ಗರಿಗೆ ಸುಲಭವಾಗಿ ಮರುಳಾಗದು. ತಿಲಾಪಿಯ ಆಫ್ರಿಕದಿಂದ ಬಂದುದು, ಬೇಗ ಬೇಗ ಮರಿಮಾಡಿ ಊರ ಮೀನುಗಳ ಬಾಯಿಗೆ ಮಣ್ಣು ಹಾಕುತ್ತದೆ. ಜೀವಂತ ಹಿಡಿದೊಯ್ದು ಗೋದಾವರಿಗೆ ಬಿಡುವ ಪುಣ್ಯಕಾರ್ಯ ಮಾತ್ರ ಬೇಡ.

ಇನ್ನು ಕಡೆಯ ಸಂಗತಿ. ಊರ ಕೆರೆಗೆ ಮೆಟ್ಟಿಲಿದೆ, ಕಾಲಿಗೆ ಸಿಗುವ ಮಣ್ಣಿನ ದಡವಿದೆ. ಈ ಹೊಂಡಕ್ಕೆ ಎರಡೂ ಇಲ್ಲ. 2016ರ ಆ ಯೋಜನೆಯ ದೊಡ್ಡ ಅಳತೆ ಉದ್ದಗಲ 30 ಮೀಟರು, ಆಳ 3 ಮೀಟರು ಇತ್ತು. ಇಳಿಜಾರಿನ ಮೇಲೆಲ್ಲ ಪಾಚಿಗಟ್ಟಿದ ಪ್ಲಾಸ್ಟಿಕ್. ಈಜು ಬಲ್ಲವನೂ ಹಿಡಿತ ಸಿಗದೆ ಜಾರಿ ಜಾರಿ ಸೋಲುತ್ತಾನೆ. ಒಬ್ಬನನ್ನು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಹೋದ ಸುದ್ದಿಯನ್ನು ಇದೇ ಮೇಜಿನ ಮರಾಠಿ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಬೇಸಗೆ ಏರಿದಂತೆ ನೀರು ಇಳಿದು ಜಾರುವ ಮೈ ಇನ್ನಷ್ಟು ಉದ್ದವಾಗುತ್ತದೆ. ತೋಟದ ಕೂಲಿಗೆ ಬಂದವರ ಮಕ್ಕಳು ಬೇಲಿಯಿಲ್ಲದ ಕಡೆ ನೀರು ಕುಡಿಯಲು ಬಗ್ಗುತ್ತಾರೆ.

ಒಬ್ಬರೇ ಹೋಗಬೇಡಿ, ಚಿಕ್ಕ ಮಕ್ಕಳನ್ನು ಒಯ್ಯಲೇಬೇಡಿ. ಏರಿಯ ಮೇಲೆಯೇ ನಿಲ್ಲಿ. ಮೀನನ್ನು ಉದ್ದ ಹಿಡಿಕೆಯ ಬಲೆಯಿಂದ ಎತ್ತಿ. ಕೋಲು ಜೋಡಿಸುವ ಮೊದಲು ಹಗ್ಗದ ಒಂದು ತುದಿಯನ್ನು ಗಟ್ಟಿ ಗೂಟಕ್ಕೆ ಕಟ್ಟಿ ಇನ್ನೊಂದನ್ನು ನೀರಿಗೆ ಇಳಿಬಿಡಿ. ಯಾರಾದರೂ ಬಿದ್ದರೆ ಹಿಂದೆ ಧುಮುಕದೆ ಗಾಳಿ ತುಂಬಿದ ಟ್ಯೂಬು ಎಸೆಯಿರಿ, ಕೂಗಿ ಜನ ಕೂಡಿಸಿ, 112ಕ್ಕೆ ಫೋನು ಮಾಡಿ.

ಇಪ್ಪತ್ತು ಮೀಟರಿನ ಒಂದು ಹಗ್ಗವನ್ನೂ ಲಾರಿಯ ಟ್ಯೂಬನ್ನೂ ತಂದು ಪತ್ರಿಕೆಗಳ ಕಪಾಟಿನ ಪಕ್ಕದಲ್ಲಿ ಇಟ್ಟಿದ್ದೇವೆ. ಪುಸ್ತಕ ಒಯ್ಯುವಂತೆಯೇ ವಹಿಯಲ್ಲಿ ಹೆಸರು ಬರೆದು ಶನಿವಾರ ಸಂಜೆ ಒಯ್ಯಬಹುದು; ಸೋಮವಾರ ಮರಳಿಸಬೇಕು. ಠೇವಣಿ ಇಲ್ಲ.