ಬ್ಯಾಂಕಿನ ಲೆಕ್ಕದ ಎರಡನೆಯ ಪ್ರತಿ ಎಲ್ಲಿದೆ?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



‘ಸರ್ವರ್ ಇಲ್ಲ’ ಎಂಬ ಮಾತನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ವೃದ್ಧಾಪ್ಯ ವೇತನಕ್ಕೆಂದು ಬಂದ ಹಿರಿಯರು ಬರಿಗೈಯಲ್ಲಿ ಹಿಂದಿರುಗಿದಾಗ, ಉದ್ಯೋಗ ಖಾತರಿಯ ಕೂಲಿ ಖಾತೆಗೆ ಜಮೆಯಾಗಿದ್ದರೂ ಕೈಗೆ ಸಿಗದಿದ್ದಾಗ ದೂರು ಮೊದಲು ತಲುಪುವುದು ಬ್ಯಾಂಕಿನ ಪ್ರಧಾನ ಕಚೇರಿಗಲ್ಲ, ತಮ್ಮ ಮನೆ ಬಾಗಿಲಿಗೆ. ಸರ್ವರ್ ಒಂದು ದಿನ ಕೈಕೊಟ್ಟರೆ ಅದು ತೊಂದರೆ ಮಾತ್ರ. ಆದರೆ ಆ ಯಂತ್ರವೇ ಬೆಂಕಿಗೋ ಪ್ರವಾಹಕ್ಕೋ ತುತ್ತಾಗಿ ಇನ್ನೆಂದೂ ಬಾರದಿದ್ದರೆ? ಖಾತೆದಾರನ ಹಣ ಇಂದು ತಿಜೋರಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಲೆಕ್ಕದಲ್ಲಿದೆ. ಲೆಕ್ಕ ಅಳಿದರೆ ಯಾರಿಗೆ ಎಷ್ಟು ಸಲ್ಲಬೇಕೆಂದು ಹೇಳಲು ಆಧಾರವೇ ಉಳಿಯುವುದಿಲ್ಲ.

ಇದು ಕೇವಲ ಊಹೆಯ ಮಾತಲ್ಲ. ಉಕ್ರೇನ್ ದೇಶದ ಅತಿದೊಡ್ಡ ಬ್ಯಾಂಕಾದ ಪ್ರಿವಾಟ್‌ಬ್ಯಾಂಕ್ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಕರಣಗೊಂಡ ಸಂಸ್ಥೆ. ಆ ದೇಶದಲ್ಲಿ ಪಿಂಚಣಿದಾರರಿಂದ ವರ್ತಕರವರೆಗೆ ಕೋಟ್ಯಂತರ ಜನರ ಖಾತೆಗಳು ಅದರಲ್ಲಿವೆ. ಅದರ ಸರ್ವರ್‌ಗಳೆಲ್ಲ ದೇಶದೊಳಗೇ ಇದ್ದವು. ಗ್ರಾಹಕರ ದಾಖಲೆ ಗಡಿ ದಾಟಬಾರದೆಂಬುದು ಯುದ್ಧಪೂರ್ವದ ನಿಯಮವೂ ಆಗಿತ್ತು. 2022ರ ಫೆಬ್ರವರಿ 24ರಂದು ರಷ್ಯಾದ ಆಕ್ರಮಣ ಆರಂಭವಾದಾಗ, ಸುರಕ್ಷತೆಗಾಗಿ ಮಾಡಿದ ಆ ನಿಯಮವೇ ಅಪಾಯವಾಗಿ ಪರಿಣಮಿಸಿತು. ಕ್ಷಿಪಣಿಗೆ ಸರ್ವರ್ ಯಾವುದು, ಸೇನಾ ಗೋದಾಮು ಯಾವುದು ಎಂಬ ಭೇದವಿಲ್ಲ. ಮಾರ್ಚ್ ತಿಂಗಳಲ್ಲಿ ಅಲ್ಲಿನ ಕೇಂದ್ರೀಯ ಬ್ಯಾಂಕು ವಿದೇಶದಲ್ಲಿರುವ ಕ್ಲೌಡ್ ಬಳಸಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಅನಂತರ ಪ್ರಿವಾಟ್‌ಬ್ಯಾಂಕಿನ ಸಿಬ್ಬಂದಿ 45 ದಿನಗಳೊಳಗೆ ಸುಮಾರು 3,500 ಸರ್ವರ್‌ಗಳಲ್ಲಿದ್ದ 270 ತಂತ್ರಾಂಶಗಳನ್ನೂ 4 ಪೆಟಾಬೈಟ್ ದತ್ತಾಂಶವನ್ನೂ ಅಮೆಜಾನ್ ಸಂಸ್ಥೆಯ ಕ್ಲೌಡ್‌ಗೆ ಸ್ಥಳಾಂತರಿಸಿದರು. 4 ಪೆಟಾಬೈಟ್ ಎಂದರೆ 40 ಲಕ್ಷ ಗಿಗಾಬೈಟ್. 128 ಜಿಬಿಯ ಮೊಬೈಲ್‌ಗಳಲ್ಲಿ ತುಂಬಿಸುವುದಾದರೆ 31 ಸಾವಿರಕ್ಕೂ ಹೆಚ್ಚು ಮೊಬೈಲ್‌ಗಳು ಬೇಕು. ಆ ದಿನಗಳಲ್ಲೇ ಉಕ್ರೇನ್ ಸರ್ಕಾರದ ಭೂ ಒಡೆತನ ಹಾಗೂ ತೆರಿಗೆಯ ದಾಖಲೆಗಳನ್ನೂ ಹೊರಗೆ ಸಾಗಿಸಲಾಯಿತು. ತಂತಿಯ ಮೂಲಕ ಕಳುಹಿಸಿದರೆ ತಡವಾದೀತೆಂದು ಸೂಟ್‌ಕೇಸಿನ ಗಾತ್ರದ ಸಂಗ್ರಹ ಪೆಟ್ಟಿಗೆಗಳನ್ನು ವಿಮಾನದಲ್ಲಿ ಪೋಲೆಂಡಿಗೆ ತರಿಸಿಕೊಂಡಿದ್ದರು. ಪಹಣಿ, ಖಾತೆಗಳ ಬೆಲೆ ಬಲ್ಲ ತಮಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಕ್ಲೌಡ್ ಎಂದೊಡನೆ ಆಕಾಶದತ್ತ ನೋಡಬೇಕಿಲ್ಲ. ಅದು ನೆಲದ ಮೇಲಿನ ಭದ್ರ ಕಟ್ಟಡಗಳಲ್ಲಿ ಸಾಲಾಗಿ ಜೋಡಿಸಿದ, ಬಾಡಿಗೆಗೆ ದೊರೆಯುವ ಕಂಪ್ಯೂಟರುಗಳ ಸಮೂಹ. ನಮ್ಮ ದೇಶದಲ್ಲಿ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್ ನಗರಗಳಲ್ಲಿ ಅಂಥ ಕೇಂದ್ರಗಳಿವೆ. ಹಿಂದೆ ವಿಪತ್ತಿಗೆ ಸಿದ್ಧವಾಗಿರಬೇಕಾದ ಬ್ಯಾಂಕು ದೂರದ ಮತ್ತೊಂದು ಊರಿನಲ್ಲಿ ಅಷ್ಟೇ ಯಂತ್ರಗಳನ್ನು ಕೊಂಡು, ಬಾರದಿರಲೆಂದು ಹಾರೈಸುವ ಒಂದು ದಿನಕ್ಕಾಗಿ ಅವುಗಳನ್ನು ಸುಮ್ಮನೆ ಕಾಯಿಸಬೇಕಿತ್ತು. ಸಣ್ಣ ಬ್ಯಾಂಕುಗಳಿಗೆ ಅದು ಶಕ್ತಿಮೀರಿದ ವೆಚ್ಚ. ವರ್ಷದಲ್ಲಿ ಒಂದೆರಡು ದಿನದ ಕೊಯ್ಲಿಗಾಗಿ ಭತ್ತ ಕೊಯ್ಯುವ ಯಂತ್ರವನ್ನು ಯಾವ ಸಣ್ಣ ರೈತನೂ ಕೊಳ್ಳುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರಿಸುತ್ತಾನೆ. ಕ್ಲೌಡ್‌ನಲ್ಲಿಯೂ ಹಾಗೆಯೇ: ಲೆಕ್ಕದ ಪ್ರತಿಯನ್ನು ನಿತ್ಯವೂ ಅಲ್ಲಿಗೆ ಕಳುಹಿಸುತ್ತಿದ್ದು, ಆಪತ್ತು ಬಂದಾಗ ಮಾತ್ರ ಪೂರ್ಣಪ್ರಮಾಣದ ಯಂತ್ರಗಳನ್ನು ಚಾಲನೆಗೊಳಿಸಬಹುದು. ಬ್ಯಾಂಕು ತೀರ್ಮಾನಿಸಬೇಕಾದದ್ದು, ಎಷ್ಟು ಹೊತ್ತಿನ ವ್ಯವಹಾರದ ದಾಖಲೆ ಕಳೆದುಹೋದರೆ ತಾಳಿಕೊಳ್ಳಬಹುದು, ಎಷ್ಟು ಹೊತ್ತಿನೊಳಗೆ ಕೌಂಟರ್ ಮತ್ತೆ ತೆರೆಯಬೇಕು ಎಂಬುದನ್ನು. ಈ ಎರಡು ಅವಧಿಗಳು ಕಡಿಮೆಯಾದಷ್ಟೂ ಖರ್ಚು ಏರುತ್ತದೆ.

ಆದರೆ ಪ್ರತಿ ಇದೆಯೆಂದ ಮಾತ್ರಕ್ಕೆ ನೆಮ್ಮದಿಯಿಂದಿರಲಾಗದು. 2017ರ ಜೂನ್ 27ರಂದು ಉಕ್ರೇನಿನಿಂದಲೇ ಹಬ್ಬಿದ ‘ನಾಟ್‌ಪೆಟ್ಯಾ’ ಎಂಬ ಹಾನಿಕಾರಕ ತಂತ್ರಾಂಶ ಡೆನ್ಮಾರ್ಕಿನ ಹಡಗು ಸಂಸ್ಥೆ ಮಾರ್ಸ್ಕ್‌ನ ಜಾಲವನ್ನೂ ಹೊಕ್ಕಿತು. ಅದರ ಜಾಲವನ್ನು ನಿಯಂತ್ರಿಸುವ ಸುಮಾರು 150 ಸರ್ವರ್‌ಗಳು ಒಂದಕ್ಕೊಂದು ಪ್ರತಿ ಇಟ್ಟುಕೊಂಡಿದ್ದವು. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದೇ ಒಂದು. ಕಾರಣ, ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ಜಾಲದಿಂದ ಹೊರಗಿತ್ತು. ವಿದ್ಯುತ್ ಕಡಿತದಿಂದ ಲಾಭವಾದ ಉದಾಹರಣೆ ಬೇರೆಲ್ಲೂ ನನಗೆ ದೊರೆತಿಲ್ಲ! ಆದ್ದರಿಂದ ಜಾಲದಿಂದ ಬೇರ್ಪಡಿಸಿಟ್ಟ, ಯಾರೂ ಅಳಿಸಲಾಗದ ಒಂದು ಪ್ರತಿಯೂ ಇರಬೇಕು.

ಇನ್ನೊಂದು ಪ್ರಸಂಗ ದಕ್ಷಿಣ ಕೊರಿಯಾದ್ದು. 2025ರ ಸೆಪ್ಟೆಂಬರ್ 26ರಂದು ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುತ್ತಿದ್ದಾಗ ಬೆಂಕಿ ಹೊತ್ತಿತು. ಅಂಚೆ ಇಲಾಖೆಯ ಬ್ಯಾಂಕಿಂಗ್ ಸೇವೆ ನಿಂತು, ಕೆಲ ದಿನಗಳಲ್ಲಿ ಪುನರಾರಂಭಗೊಂಡಿತು. ಆದರೆ ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಕ್ಲೌಡ್ ಸಂಗ್ರಹದ 858 ಟೆರಾಬೈಟ್ ದಾಖಲೆ ಭಸ್ಮವಾಯಿತು. ಸಂಗ್ರಹ ಬಹಳ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಬೇರೆಡೆ ಇಟ್ಟಿರಲಿಲ್ಲ. ಅದರ ಹೆಸರು ಕ್ಲೌಡ್ ಆಗಿತ್ತು, ಇದ್ದದ್ದು ಮಾತ್ರ ಒಂದೇ ಕಟ್ಟಡದಲ್ಲಿ.

ನಮ್ಮಲ್ಲಿ ಪಾವತಿಗಳ ದತ್ತಾಂಶ ದೇಶದೊಳಗೇ ಇರಬೇಕೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಹೊರಗಿನ ಸಂಸ್ಥೆಗೆ ಕೆಲಸ ವಹಿಸಿದರೂ ಬ್ಯಾಂಕಿನ ಹೊಣೆ ಕಿಂಚಿತ್ತೂ ತಗ್ಗದೆಂಬುದನ್ನು 2023ರ ಏಪ್ರಿಲ್‌ನ ನಿರ್ದೇಶನದಲ್ಲಿ ಸ್ಪಷ್ಟಪಡಿಸಿ, ಕ್ಲೌಡ್ ಬಳಕೆಗೆ ಪ್ರತ್ಯೇಕ ನಿಯಮಗಳನ್ನೂ ವಿಧಿಸಿದೆ. ಇದು ಗ್ರಾಮೀಣರಿಗೆ ಎಷ್ಟು ಹತ್ತಿರದ ವಿಷಯ ಎಂಬುದು 2024ರ ಜುಲೈ 31ರಂದು ತಿಳಿಯಿತು. ಸಹಕಾರಿ ಹಾಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಒದಗಿಸುವ ತಂತ್ರಜ್ಞಾನ ಸಂಸ್ಥೆಯೊಂದರ ಮೇಲೆ ಸುಲಿಗೆ ತಂತ್ರಾಂಶದ ದಾಳಿಯಾದ ಕಾರಣ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿತಗೊಳಿಸಬೇಕಾಯಿತು. ಮರುದಿನ ಸಂಪರ್ಕ ಮರುಸ್ಥಾಪನೆಯಾಯಿತು. ಬ್ಯಾಂಕುಗಳು 300 ಇದ್ದರೂ ಅವುಗಳ ಆಧಾರಸ್ತಂಭ ಒಂದೇ ಆಗಿತ್ತು.

ಈಗ ತಮ್ಮೂರಿನ ಸಹಕಾರ ಸಂಘದ ವಿಷಯ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ₹2,516 ಕೋಟಿ ವೆಚ್ಚದ ಯೋಜನೆಯನ್ನು ಮಂಜೂರು ಮಾಡಿತು. ದೇಶದ 63 ಸಾವಿರ ಸಂಘಗಳು ಕ್ಲೌಡ್ ಆಧಾರಿತ ಏಕರೂಪದ ತಂತ್ರಾಂಶಕ್ಕೆ ಬರಬೇಕೆಂಬುದು ಆಗ ಅದರ ಗುರಿಯಾಗಿತ್ತು. ಗೆದ್ದಲು, ಮಳೆನೀರಿಗೆ ಬಲಿಯಾಗುತ್ತಿದ್ದ ಖಾತೆ ಪುಸ್ತಕಗಳಿಗೆ ಇದು ದೊಡ್ಡ ರಕ್ಷಣೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ಲೌಡ್ ತನಗೆ ಕೊಟ್ಟದ್ದನ್ನೇ ಕಾಪಾಡುತ್ತದೆ. ಹಳೆಯ ಪುಸ್ತಕದಿಂದ ನಮೂದಿಸುವಾಗ ತೀರಿಸಿದ ಸಾಲ ಬಾಕಿಯೆಂದು ದಾಖಲಾದರೆ, ಆ ತಪ್ಪನ್ನೂ ಅದು ಅಷ್ಟೇ ಭದ್ರವಾಗಿ ಎರಡು ಊರುಗಳಲ್ಲಿ ಉಳಿಸಿಕೊಳ್ಳುತ್ತದೆ. ಆದಕಾರಣ ನಮೂದು ಮುಗಿದ ಕೂಡಲೇ ಪ್ರತಿ ಸದಸ್ಯನ ಬಾಕಿಯ ಮುದ್ರಿತ ಪಟ್ಟಿಯನ್ನು ಪಡೆದು, ಅವರವರ ಪಾಸ್ ಪುಸ್ತಕ, ರಸೀದಿಗಳೊಡನೆ ತಾಳೆ ನೋಡುವಂತೆ ಸಂಘದ ಆಡಳಿತ ಮಂಡಳಿಯನ್ನು ತಾವು ಒತ್ತಾಯಿಸಬೇಕು. ಅಲ್ಲಿಯವರೆಗೆ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡಕೂಡದು. ಬ್ಯಾಂಕಿನ ಶಾಖಾ ವ್ಯವಸ್ಥಾಪಕರು ಗ್ರಾಮಸಭೆಗೆ ಬಂದಾಗ, ‘ಪ್ರತಿಯಿಂದ ಲೆಕ್ಕವನ್ನು ಮರಳಿ ಪಡೆಯುವ ಪರೀಕ್ಷೆ ಕೊನೆಯ ಬಾರಿ ಯಾವಾಗ ನಡೆಯಿತು?’ ಎಂದು ಕೇಳಿ. ಅವರಲ್ಲಿ ಉತ್ತರ ಇರದಿದ್ದರೆ, ಮೇಲಿನ ಕಚೇರಿಯಿಂದ ತರಿಸಿಕೊಡಲು ವಿನಂತಿಸಿ.

ಕಡೆಯದಾಗಿ, ಪೂರ್ಣವಾಗಿ ತಮ್ಮ ಅಧೀನದಲ್ಲಿರುವ ಒಂದು ಕೆಲಸವಿದೆ. ಉಕ್ರೇನಿನಲ್ಲಿ ದತ್ತಾಂಶ ಸುರಕ್ಷಿತವಾಗಿದ್ದರೂ 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಪ್ರಮುಖ ದೂರವಾಣಿ ಜಾಲದ ಮೇಲೆ ದಾಳಿಯಾದಾಗ, ಆ ಜಾಲವನ್ನೇ ಅವಲಂಬಿಸಿದ್ದ ಪ್ರಿವಾಟ್‌ಬ್ಯಾಂಕಿನ ಕೆಲವು ಎಟಿಎಂ, ಪಾವತಿ ಯಂತ್ರಗಳು ಸ್ಥಗಿತಗೊಂಡವು. ನಮ್ಮ ಹಳ್ಳಿಗಳಲ್ಲಿ ಅಂಥ ಸಂಪರ್ಕವನ್ನು ಕಡಿಯಲು ಶತ್ರು ಬೇಕಿಲ್ಲ, ಜೆಸಿಬಿ ಸಾಕು. ನೀರಿನ ಪೈಪಿಗೋ ಚರಂಡಿಗೋ ರಸ್ತೆ ಅಗೆಯಲು ಪಂಚಾಯಿತಿ ಅನುಮತಿ ನೀಡುವಾಗ, ಆಪ್ಟಿಕಲ್ ಫೈಬರ್ ಹಾದುಹೋಗಿರುವ ಮಾರ್ಗವನ್ನು ಸಂಬಂಧಪಟ್ಟ ಸಂಸ್ಥೆಯಿಂದ ಮೊದಲು ಗುರುತು ಹಾಕಿಸಿ. ಕೇಬಲ್ ತುಂಡಾದರೆ ದುರಸ್ತಿಯ ವೆಚ್ಚ ಗುತ್ತಿಗೆದಾರರದೆಂಬ ಷರತ್ತನ್ನು ಅನುಮತಿ ಪತ್ರದಲ್ಲಿಯೇ ಬರೆಯಿಸಿ.