ಪಂಚಾಯತಿ ವಾಹನಗಳ ನಿರ್ವಹಣೆ: ಲಾಗ್ ಪುಸ್ತಕದಿಂದ ತಂತ್ರಾಂಶದವರೆಗೆ

(ಯಲಬುರ್ಗಾದಲ್ಲಿ ನಡೆದ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಪಂಚಾಯತಿ ವಾಹನಗಳ ನಿರ್ವಹಣೆ ಮತ್ತು ಅದಕ್ಕೆ ಬಳಸುವ ತಂತ್ರಾಂಶದ ಬಗ್ಗೆ ಮಾತನಾಡಲು ನನಗೆ ಸೂಚಿಸಲಾಗಿದೆ. ನೂರಾರು ವಾಹನಗಳಿರುವ ದೊಡ್ಡ ಸಂಸ್ಥೆಗಳ ತಂತ್ರಾಂಶಕ್ಕೂ ಒಂದೋ ಎರಡೋ ವಾಹನವಿರುವ ನಮ್ಮ ಪಂಚಾಯತಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಒಂದೇ ಪಂಚಾಯತಿಯನ್ನು ನೋಡಿದರೆ ಸಂಬಂಧ ಕಾಣುವುದಿಲ್ಲ. ಆದರೆ ಕೊಪ್ಪಳ ಜಿಲ್ಲೆಯಲ್ಲಿ 150ಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳಿವೆ. ಅವುಗಳ ಸ್ವಚ್ಛ ವಾಹಿನಿ, ಟ್ರ್ಯಾಕ್ಟರ್, ನೀರಿನ ಟ್ಯಾಂಕರ್‌ಗಳನ್ನು ಒಟ್ಟಿಗೆ ಎಣಿಸಿದರೆ ನಾವೂ ಒಂದು ದೊಡ್ಡ ಸಂಸ್ಥೆಯೇ. ತನ್ನ ಯಾವ ವಾಹನ ಇಂದು ನಿಂತಿದೆ, ಏಕೆ ನಿಂತಿದೆ, ಎಂದು ಹೊರಡುತ್ತದೆ ಎಂಬುದು ಅಂಥ ಸಂಸ್ಥೆಗೆ ತಿಳಿದಿರಬೇಕು. ಇಂದಿನ ಮಾತಿನ ತಿರುಳು ಇಷ್ಟೇ.

ಮೊದಲಿಗೆ, ವಾಹನ ನಿಂತರೆ ಏನಾಗುತ್ತದೆ ಎಂಬುದನ್ನು ನೋಡೋಣ. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಯೋಜನೆಯ ಎರಡನೆಯ ಹಂತ 2020ರಲ್ಲಿ ಆರಂಭವಾದಾಗ ಶೌಚಾಲಯದ ಜೊತೆಗೆ ಘನತ್ಯಾಜ್ಯ ನಿರ್ವಹಣೆಗೂ ಒತ್ತು ದೊರೆಯಿತು. 15ನೇ ಹಣಕಾಸು ಆಯೋಗವು 2021–26ರ ಅವಧಿಯ ಅನುದಾನದಲ್ಲಿ ಶೇ. 60 ಭಾಗವನ್ನು ನೈರ್ಮಲ್ಯ ಮತ್ತು ಕುಡಿಯುವ ನೀರಿಗೆ ನಿರ್ಬಂಧಿಸಿತು. ಮನೆಮನೆಯ ಕಸ ಸಂಗ್ರಹಕ್ಕೆ ವಾಹನ ಬಂದಿತು. ಸಂಜೀವಿನಿ ಸ್ವಸಹಾಯ ಗುಂಪುಗಳ ಮಹಿಳೆಯರು ಚಾಲನಾ ತರಬೇತಿ ಪಡೆದು ಅದರ ಚಕ್ರ ಹಿಡಿದರು. ಆ ವಾಹನ ಎರಡು ವಾರ ನಿಂತರೆ, ಹಸಿ ಕಸ, ಒಣ ಕಸ ಬೇರ್ಪಡಿಸುವುದನ್ನು ಆಗತಾನೇ ರೂಢಿಸಿಕೊಂಡ ಮನೆಯವರು ಮತ್ತೆ ತಿಪ್ಪೆಯ ಕಡೆಗೆ, ಹಳ್ಳದ ಕಡೆಗೆ ಹೋಗುತ್ತಾರೆ. ಅವರನ್ನು ಪುನಃ ಒಪ್ಪಿಸಲು ತಿಂಗಳುಗಳು ಬೇಕು. ಚಾಲಕಿಯ ದುಡಿಮೆಯೂ ನಿಲ್ಲುತ್ತದೆ. ಇವೆಲ್ಲ ನಷ್ಟಗಳು ದುರಸ್ತಿಯ ಬಿಲ್ಲಿನಲ್ಲಿ ಕಾಣುವುದಿಲ್ಲ.

ನಿರ್ವಹಣೆಯಲ್ಲಿ ಎರಡು ಬಗೆ. ಕೆಟ್ಟ ಮೇಲೆ ರಿಪೇರಿ ಮಾಡಿಸುವುದು ಒಂದು. ಕೆಡುವ ಮುನ್ನವೇ ಕಾಲಕಾಲಕ್ಕೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದು ನಮಗೆ ಹೊಸದಲ್ಲ. ಗವಿಸಿದ್ಧೇಶ್ವರ ಜಾತ್ರೆಗೆ ಬಂಡಿ ಕಟ್ಟುವ ಮುನ್ನ ನಮ್ಮ ಹಿರಿಯರು ಗಾಲಿಗೆ ಕೀಲೆಣ್ಣೆ ಹಾಕುತ್ತಿದ್ದರು. ದಾರಿಯಲ್ಲಿ ಅಚ್ಚು ಮುರಿಯಲೆಂದು ಕಾಯುತ್ತಿರಲಿಲ್ಲ. ಇಂದು ನಮ್ಮ ವಾಹನಗಳ ವಿಷಯದಲ್ಲಿ ಮಾತ್ರ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ರೂಢಿ ಬೆಳೆದಿದೆ.

ಇದಕ್ಕೆ ಸಮೀಪದ ಮಾದರಿ ಬಸ್ ಡಿಪೊ. ಸಾರಿಗೆ ನಿಗಮಗಳಲ್ಲಿ ಪಾಳಿ ಮುಗಿಸಿ ಬಂದ ಚಾಲಕ ಬ್ರೇಕ್ ಸಡಿಲ, ದೀಪ ಉರಿಯದು, ಎಂಜಿನ್ ಸದ್ದು ಎಂದು ದೋಷಗಳನ್ನು ಬರೆದುಕೊಡುತ್ತಾನೆ. ಅದನ್ನು ನೋಡಿ ತಾಂತ್ರಿಕ ಸಿಬ್ಬಂದಿ ಸರಿಪಡಿಸುತ್ತಾರೆ. ಪ್ರತಿ ಬಸ್ಸು ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿತು ಎಂದು ಲೆಕ್ಕ ಇಡುತ್ತಾರೆ. 10,000 ಕಿಲೋಮೀಟರ್ ಓಟಕ್ಕೆ ಎಷ್ಟು ಬಾರಿ ಬಸ್ಸುಗಳು ದಾರಿಯಲ್ಲಿ ಕೆಟ್ಟು ನಿಂತವು ಎಂಬುದು ನಿಗಮಗಳ ಕಾರ್ಯಕ್ಷಮತೆಯ ಒಂದು ಅಳತೆಗೋಲು.

ವಾಹನ ನಿರ್ವಹಣಾ ತಂತ್ರಾಂಶ ಮಾಡುವುದು ಈ ಕೆಲಸವನ್ನೇ. ಅದರಲ್ಲಿ ಪ್ರತಿ ವಾಹನಕ್ಕೂ ಒಂದು ಪುಟವಿರುತ್ತದೆ. ಖರೀದಿಯ ದಿನ, ಓಡಿದ ದೂರ, ತುಂಬಿಸಿದ ಇಂಧನ, ಬದಲಿಸಿದ ಬಿಡಿಭಾಗ, ತೆತ್ತ ಹಣ ಎಲ್ಲವೂ ಅಲ್ಲಿ ಸೇರುತ್ತವೆ. ಸರ್ವಿಸ್ ದಿನ ಸಮೀಪಿಸಿದಾಗ, ವಿಮೆಯ ಅವಧಿ ಮುಗಿಯುವ ಮುನ್ನ ಅದು ಎಚ್ಚರಿಸುತ್ತದೆ. ಒಂದೇ ಮಾದರಿಯ ಹತ್ತು ವಾಹನಗಳಲ್ಲಿ ಒಂದಕ್ಕೆ ಮಾತ್ರ ವರ್ಷಕ್ಕೆ ಮೂರು ಬಾರಿ ಕ್ಲಚ್ ಪ್ಲೇಟ್ ಹಾಕಿಸಿದ್ದರೆ ಅದನ್ನೂ ತೋರಿಸುತ್ತದೆ. ಪಂಚತಂತ್ರದಲ್ಲಿ ದುರಸ್ತಿಗೆ ಪಾವತಿಸಿದ ಹಣ ನಮೂದಾಗುತ್ತದೆ. ವಾಹನ ಏಕೆ ಕೆಟ್ಟಿತು, ಎಷ್ಟು ದಿನ ನಿಂತಿತು ಎಂಬುದನ್ನು ತಿಳಿಯಲು ಬೇರೆಯೇ ದಾಖಲೆ ಬೇಕು.

ಆದರೆ ತಂತ್ರಾಂಶವು ತಾನಾಗಿ ಏನನ್ನೂ ಅರಿಯದು. ಓಡೊಮೀಟರ್ ಕೆಟ್ಟಿದ್ದರೆ, ಲಾಗ್ ಪುಸ್ತಕವನ್ನು ತಿಂಗಳ ಕೊನೆಗೆ ಒಂದೇ ಕೂತಿಗೆ ಒಂದೇ ಶಾಯಿಯಲ್ಲಿ ತುಂಬಿದ್ದರೆ, ಎಷ್ಟೇ ಬೆಲೆಯ ತಂತ್ರಾಂಶವೂ ಆ ಸುಳ್ಳನ್ನೇ ಅಂದವಾಗಿ ಮುದ್ರಿಸಿಕೊಡುತ್ತದೆ. ಜಿ.ಪಿ.ಎಸ್. ಸಾಧನ ವಾಹನ ಎಲ್ಲಿದೆ ಎಂದು ಹೇಳೀತು. ಅದರ ಎಂಜಿನ್ ಆಯಿಲ್ ಕಪ್ಪಾಗಿದೆ ಎಂದು ಹೇಳಲಾರದು.

ನಮ್ಮ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಗಳಿವೆ. ಕಸದ ವಾಹನ ದಿನಕ್ಕೆ 20–25 ಕಿಲೋಮೀಟರ್ ಓಡಿದರೆ 5,000 ಕಿಲೋಮೀಟರ್ ಮುಟ್ಟಲು 200ರಿಂದ 250 ದಿನ ಬೇಕು. ಆದರೆ ಅದು ಪ್ರತಿ ಮನೆಯ ಮುಂದೆ ನಿಂತು, ಮೊದಲ ಗೇರಿನಲ್ಲಿ ತೆವಳುತ್ತ ಗಂಟೆಗಟ್ಟಲೆ ಎಂಜಿನ್ ಓಡಿಸಿರುತ್ತದೆ. ದೂರ ಕಡಿಮೆ, ಸವೆತ ಹೆಚ್ಚು. ಆದ್ದರಿಂದ ತಯಾರಕರ ಕೈಪಿಡಿಯಲ್ಲಿ ಹೇಳಿರುವ ಕಿಲೋಮೀಟರ್ ಮತ್ತು ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಆಗಲೇ ಸರ್ವಿಸ್ ಮಾಡಿಸತಕ್ಕದ್ದು. ಟ್ರ್ಯಾಕ್ಟರ್‌ಗೆ ಗಂಟೆಯ ಲೆಕ್ಕ. ಬೇಸಿಗೆಯಲ್ಲಿ ಎರೆ ಭೂಮಿಯ ಧೂಳು ಏರ್ ಫಿಲ್ಟರ್ ತುಂಬಿಕೊಂಡರೆ ಎಂಜಿನ್ನಿಗೆ ಗಾಳಿ ಸಾಲದೆ ಡೀಸೆಲ್ ವ್ಯರ್ಥವಾಗುತ್ತದೆ. ಹಸಿ ಕಸದಿಂದ ಇಳಿಯುವ ನೀರು ತಳದ ತಗಡನ್ನು ತುಕ್ಕು ಹಿಡಿಸುತ್ತದೆ. ದಿನವೂ ತೊಳೆಯುವುದೇ ಅದಕ್ಕೆ ಪರಿಹಾರ. ವಾರಂಟಿ ಅವಧಿಯಲ್ಲಿ ಸರ್ವಿಸ್ ದಾಖಲೆ ಇಲ್ಲದಿದ್ದರೆ ಪುಕ್ಕಟೆ ಆಗಬೇಕಾದ ಕೆಲಸಕ್ಕೂ ಹಣ ತೆರಬೇಕಾದೀತು.

ಕಾನೂನಿನ ಕಡೆಗೂ ಗಮನವಿರಲಿ. ಮೋಟಾರು ವಾಹನ ಕಾಯ್ದೆ, 1988ರ ಕಲಂ 146ರ ಪ್ರಕಾರ ಮೂರನೆಯ ವ್ಯಕ್ತಿಯ ಅಪಾಯಕ್ಕೆ ವಿಮೆ ಕಡ್ಡಾಯ. ವಿಮೆ ಇಲ್ಲದ ವಾಹನದಿಂದ ಅಪಘಾತವಾದರೆ ಪರಿಹಾರದ ಹೊರೆ ಮಾಲೀಕನಾದ ಪಂಚಾಯತಿಯ ಮೇಲೆಯೇ ಬೀಳುತ್ತದೆ. ಸಾರಿಗೆ ವರ್ಗದ ವಾಹನಕ್ಕೆ ಅರ್ಹತಾ ಪತ್ರ, ಎಂದರೆ ನಾವೆಲ್ಲ ಹೇಳುವ ಎಫ್‌.ಸಿ.ಯನ್ನು, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿ ವರ್ಷ ಪಡೆಯಬೇಕು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 1 ಏಪ್ರಿಲ್ 2023ರಿಂದ ನವೀಕರಣವಾಗುವುದಿಲ್ಲ. ಪಂಚಾಯತಿ ವಾಹನಗಳೂ ಈ ನಿಯಮಕ್ಕೆ ಒಳಪಟ್ಟಿವೆ. ಹಳೆಯ ಟ್ರ್ಯಾಕ್ಟರ್ ಇರುವ ಪಂಚಾಯತಿಗಳು ಬದಲಿ ವ್ಯವಸ್ಥೆಯನ್ನು ಈಗಲೇ ಯೋಜಿಸಬೇಕು.

ಇನ್ನು ಸದಸ್ಯರಾದ ತಾವು ಮಾಡಬಹುದಾದ ಕೆಲಸಗಳು. ಇವಕ್ಕೆ ಯಾವ ತಂತ್ರಾಂಶಕ್ಕೂ ಕಾಯಬೇಕಿಲ್ಲ.

1. ಲಾಗ್ ಪುಸ್ತಕವನ್ನು ಅಂದಂದಿನ ಸಂಜೆಯೇ ತುಂಬಿಸುವುದು. ಹೊರಟಾಗಿನ ಮತ್ತು ಮರಳಿದಾಗಿನ ಓಡೊಮೀಟರ್ ಅಂಕಿ, ಇಂಧನ, ಚಾಲಕಿ ಗಮನಿಸಿದ ದೋಷ, ಇಷ್ಟು ಸಾಕು.

2. ವಾಹನ ನಿಂತ ಪ್ರತಿ ದಿನಕ್ಕೂ ಕಾರಣ ಬರೆಯಿಸುವುದು: ಬಿಡಿಭಾಗ ಸಿಗಲಿಲ್ಲವೋ, ಹಣ ಮಂಜೂರಾಗಲಿಲ್ಲವೋ, ಚಾಲಕಿ ಇರಲಿಲ್ಲವೋ, ಕಾಗದಪತ್ರದ ಅವಧಿ ಮುಗಿದಿತ್ತೋ. ಈ ನಾಲ್ಕರ ಮೊತ್ತವನ್ನು ಪ್ರತಿ ಸಾಮಾನ್ಯ ಸಭೆಯಲ್ಲಿ ಓದಿಸಬೇಕು.

3. ಆಯವ್ಯಯದಲ್ಲಿ ಸರ್ವಿಸ್, ಟೈರ್, ಬ್ಯಾಟರಿ, ವಿಮೆಗೆ ವರ್ಷದ ಆರಂಭದಲ್ಲೇ ಮೊತ್ತ ಕಾಯ್ದಿರಿಸುವುದು. ಸಣ್ಣ ದುರಸ್ತಿಗೆ ಒಂದು ಮಿತಿಯನ್ನು ಠರಾವಿನ ಮೂಲಕ ನಿಯಮಾನುಸಾರ ಮುಂಚಿತವಾಗಿ ನಿಗದಿಪಡಿಸುವುದು. ಒಂದು ಫ್ಯಾನ್ ಬೆಲ್ಟಿಗಾಗಿ ಮುಂದಿನ ಸಭೆಯವರೆಗೆ ಊರಿನ ಕಸ ಕಾಯಬಾರದು.

4. ಚಾಲಕಿ ಬರೆದ ದೋಷಕ್ಕೆ ಉತ್ತರ ಕೊಡುವುದು. "ಬ್ರೇಕ್ ಸರಿ ಹಿಡಿಯುತ್ತಿಲ್ಲ" ಎಂದು ಮೂರು ಬಾರಿ ಬರೆದರೂ ಯಾರೂ ನೋಡದಿದ್ದರೆ ನಾಲ್ಕನೆಯ ಬಾರಿ ಆಕೆ ಬರೆಯುವುದಿಲ್ಲ. ಅಂದಿಗೆ ಲಾಗ್ ಪುಸ್ತಕ ಸತ್ತಂತೆ. ಬ್ರೇಕಿನ ದೂರು ಇತ್ಯರ್ಥವಾಗುವವರೆಗೆ ವಾಹನ ಹೊರಡಿಸಲೇಬಾರದು.

ಹೀಗೆ ಆರು ತಿಂಗಳ ನಿಜವಾದ ದಾಖಲೆ ಪ್ರತಿ ಪಂಚಾಯತಿಯಲ್ಲಿ ಸಿದ್ಧವಾದರೆ ತಾಲ್ಲೂಕು ಮಟ್ಟದಲ್ಲಿ ಒಂದು ಸಾಮಾನ್ಯ ಹಾಳೆಯಲ್ಲಿ ಅದನ್ನು ಒಟ್ಟುಗೂಡಿಸಬಹುದು. ಆಗ ಯಾವ ಬಿಡಿಭಾಗ ಎಲ್ಲರಿಗೂ ಬೇಕಾಗುತ್ತದೆ, ಒಂದೂರಿನ ವಾಹನ ನಿಂತಾಗ ನೆರೆಯ ಪಂಚಾಯತಿ ವಾರಕ್ಕೆರಡು ದಿನ ನೆರವಾಗಬಲ್ಲದೇ ಎಂಬುದು ತಿಳಿಯುತ್ತದೆ. ತಂತ್ರಾಂಶ ಕೊಳ್ಳುವ ಪ್ರಶ್ನೆ ಬಂದಾಗಲೂ ನಮಗೆ ಏನು ಬೇಕೆಂದು ಮಾರುವವರು ಹೇಳುವ ಬದಲು ನಾವೇ ಹೇಳಬಲ್ಲೆವು.

ಮುಂದಿನ ಸಾಮಾನ್ಯ ಸಭೆಗೆ ವಾಹನದ ಲಾಗ್ ಪುಸ್ತಕವನ್ನು ತರಿಸಿ ಒಮ್ಮೆ ತೆರೆದು ನೋಡಬೇಕೆಂದು ತಮ್ಮಲ್ಲಿ ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.