ಬಾಯಿಯ ಕ್ಯಾನ್ಸರಿಗೆ ಯಾವ ಆಸ್ಪತ್ರೆ?

(ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ಎತ್ತು ಕೊಳ್ಳುವಾಗ ನಾವು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ನಮ್ಮ ಬಾಯನ್ನು ನೋಡಿಕೊಳ್ಳುವವರು ಮಾತ್ರ ಕಡಿಮೆ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ ಇವುಗಳಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ. ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ನಿರಪಾಯವಲ್ಲ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿರಿ. ನೋವಿಲ್ಲವೆಂದು ಸುಮ್ಮನಿರಬೇಡಿರಿ. ಈ ರೋಗ ಎಷ್ಟೋ ಸಲ ಮೊದಲಿಗೆ ನೋಯುವುದೇ ಇಲ್ಲ.

ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷಿಸಿದರೆ ರೋಗ ಹೌದೋ ಅಲ್ಲವೋ ತಿಳಿಯುತ್ತದೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ.

ರೋಗ ಹೌದೆಂದ ಮೇಲೆ ಮನೆಯಲ್ಲಿ ಚರ್ಚೆ ಏಳುತ್ತದೆ. ಒಬ್ಬರು ನಾಟಿ ಔಷಧಿ ಎನ್ನುತ್ತಾರೆ. ಇನ್ನೊಬ್ಬರು ಪರಿಚಯದ ನರ್ಸಿಂಗ್ ಹೋಂ ಎನ್ನುತ್ತಾರೆ. ಮತ್ತೊಬ್ಬರು ಹೊಲ ಮಾರಿಯಾದರೂ ದೊಡ್ಡ ಊರಿಗೆ ಹೋಗೋಣವೆನ್ನುತ್ತಾರೆ. ಚರ್ಚೆ ಮುಗಿಯುವವರೆಗೆ ರೋಗ ಕಾಯುವುದಿಲ್ಲ. ಗುಣವಾಗುವ ಅವಕಾಶ ಹೆಚ್ಚಾಗಿರುವುದು ಮೊದಲ ಚಿಕಿತ್ಸೆಯಲ್ಲಿಯೇ. ಅದು ಅರೆಬರೆಯಾದರೆ ಮುಂದೆ ಸರಿಪಡಿಸುವುದು ಕಷ್ಟ. ಆದ್ದರಿಂದ ಆಸ್ಪತ್ರೆಗೆ ಸೇರುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ.

ಒಂದು: ಶಸ್ತ್ರಚಿಕಿತ್ಸೆಯ ವೈದ್ಯರು, ಕರೆಂಟ್ ಕೊಡುವ ವೈದ್ಯರು, ಕಿಮೋ ವೈದ್ಯರು ಕೂಡಿ ಕುಳಿತು ತೀರ್ಮಾನಿಸುತ್ತಾರೆಯೇ?

ಎರಡು: ದವಡೆ ಮತ್ತು ಕುತ್ತಿಗೆಯ ಶಸ್ತ್ರಚಿಕಿತ್ಸೆ ಅಲ್ಲಿ ಮೇಲಿಂದ ಮೇಲೆ ನಡೆಯುತ್ತದೆಯೇ? ತೆಗೆದ ಭಾಗವನ್ನು ಬೇರೆ ಕಡೆಯ ಮಾಂಸದಿಂದ ತುಂಬಿಸುವವರಿದ್ದಾರೆಯೇ? ಮುಂದೆ ಉಣ್ಣುವುದು, ಮಾತಾಡುವುದು ಬಹುಮಟ್ಟಿಗೆ ಇದರ ಮೇಲಿದೆ.

ಮೂರು: ಶಸ್ತ್ರಚಿಕಿತ್ಸೆಯ ನಂತರ ಕರೆಂಟ್ ಬೇಕಾದರೆ ಎಲ್ಲಿ? ಅದನ್ನು ಸುಮಾರು ಆರು ವಾರದೊಳಗೆ ಆರಂಭಿಸಬೇಕು. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ ನಡೆಯುತ್ತದೆ. ಶಸ್ತ್ರಚಿಕಿತ್ಸೆ ದೂರದಲ್ಲಿ ಮಾಡಿಸಿ, ಕರೆಂಟನ್ನು ಹತ್ತಿರದಲ್ಲಿ ಕೊಡಿಸಬಹುದೇ ಎಂದು ವೈದ್ಯರನ್ನೇ ಕೇಳಿರಿ. ಕರೆಂಟಿಗೆ ಮೊದಲು ಹಲ್ಲುಗಳನ್ನು ತೋರಿಸಿಕೊಳ್ಳಿರಿ. ಆಮೇಲೆ ಹಲ್ಲು ಕಿತ್ತರೆ ದವಡೆಯ ಮೂಳೆಗೆ ಅಪಾಯ.

ನಾಲ್ಕು: ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ? ನಮ್ಮ ರಾಜ್ಯದಲ್ಲಿ 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇವನ್ನು ಜೊತೆಗೆ ಒಯ್ಯಿರಿ. ಹಣ ಕಟ್ಟುವ ಮೊದಲೇ ವಿಚಾರಿಸಿರಿ. ಹೊಲ ಮಾರುವ ಮಾತು ಆಮೇಲೆ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಿದೆ. ಕಲಬುರಗಿಯಲ್ಲಿ ಅದರ ಶಾಖೆಯಿದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯಿದೆ. ದೊಡ್ಡ ಆಸ್ಪತ್ರೆಯಲ್ಲಿ ಸರದಿ ಉದ್ದವಿರುತ್ತದೆ. ಬೇಸತ್ತು ಮನೆಗೆ ಮರಳಬೇಡಿರಿ. ದಿನಾಂಕ ಬಹಳ ದೂರವಾದರೆ ಬೇರೆ ಎಲ್ಲಿ ಬೇಗ ಆಗುತ್ತದೆಂದು ಅಲ್ಲಿಯ ವೈದ್ಯರನ್ನೇ ಕೇಳಿರಿ. ಬಯಾಪ್ಸಿಯ ವರದಿ, ಸ್ಲೈಡು, ಸ್ಕ್ಯಾನ್ ಎಲ್ಲವನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಡಿರಿ.

ಕೊನೆಯ ಮಾತು. ರೋಗಿ ಹೊಗೆಸೊಪ್ಪನ್ನು ಆ ದಿನವೇ ಬಿಡಬೇಕು. ಮನೆಯವರೂ ಬಿಟ್ಟರೆ ಅವರಿಗೆ ಬಲ ಬರುತ್ತದೆ. ಇಂದು ಮನೆಗೆ ಹೋದೊಡನೆ ಕನ್ನಡಿ ಹಿಡಿದು, ಬೆಳಕಿಗೆ ನಿಂತು, ನಿಮ್ಮ ಬಾಯನ್ನು ಒಮ್ಮೆ ನೋಡಿಕೊಳ್ಳಿರಿ.